ಕತ್ತಿಯ ಮರೆಯಲ್ಲಿ ಉಳಿದ ಬಿಲ್ಲು

ಸಮುರಾಯ್ ಎಂದೊಡನೆ ಕಣ್ಣ ಮುಂದೆ ಬರುವುದು ಒಂದೇ ಆಯುಧ: ತುಸು ಬಾಗಿದ, ಒಂದು ಕಡೆ ಮಾತ್ರ ಹರಿತವಿರುವ, ಎರಡೂ ಕೈಗಳಲ್ಲಿ ಹಿಡಿಯುವ ಕತಾನ. ಸಿನಿಮಾ, ಕಾಮಿಕ್ಸ್, ಮೊಬೈಲ್ ಆಟ, ಎಲ್ಲೆಲ್ಲೂ ಅದೇ. ಕತ್ತಿಯೇ ಸಮುರಾಯಿಯ ಆತ್ಮ ಎಂಬ ಮಾತು ಜಗತ್ತಿನಾದ್ಯಂತ ಹಬ್ಬಿದೆ. ಜಪಾನಿನ ಯುದ್ಧಗಳ ಚರಿತ್ರೆಯನ್ನು ಹತ್ತಿರದಿಂದ ಓದಿದಷ್ಟೂ ಈ ಚಿತ್ರ ಅಲುಗಾಡತೊಡಗುತ್ತದೆ. ಸಮುರಾಯಿಗಳು ನಿಜವಾಗಿ ರಣರಂಗದಲ್ಲಿದ್ದ ಶತಮಾನಗಳಲ್ಲಿ ಕತ್ತಿ ಅವರ ಮುಖ್ಯ ಆಯುಧವಾಗಿರಲಿಲ್ಲ. ಅದಕ್ಕೆ ಪಟ್ಟ ಸಿಕ್ಕಿದ್ದು ಯುದ್ಧಗಳು ನಿಂತ ಮೇಲೆ. ಪಟ್ಟ ಕಟ್ಟಿದವರು ಯಾರು, ಅದರ ನೆರಳಿನಲ್ಲಿ ಮರೆಯಾದವರು ಯಾರು ಎಂದು ಕೇಳದೆ ಈ ಆಯುಧ ಪರಂಪರೆಗೆ ಬೆಲೆ ಕಟ್ಟಲಾಗದು.

ಮೊದಲ ಸಮುರಾಯಿಗಳು ಕುದುರೆಯೇರಿದ ಬಿಲ್ಲುಗಾರರು. ಯೋಧನ ಬಾಳಿನ ಕ್ರಮವನ್ನು ಆ ಕಾಲದವರು ಬಿಲ್ಲು ಮತ್ತು ಕುದುರೆಯ ದಾರಿ ಎಂದು ಕರೆದರು. ಅದರಲ್ಲಿ ಕತ್ತಿಯ ಮಾತಿಲ್ಲ. ಅವರ ಬಿಲ್ಲು ‘ಯುಮಿ’ ಎರಡು ಮೀಟರಿಗೂ ಮಿಕ್ಕ ಉದ್ದದ್ದು. ಬಿದಿರು ಮತ್ತು ಮರದ ಪಟ್ಟಿಗಳನ್ನು ಅಂಟಿಸಿ ಮಾಡಿದ್ದು. ಅದರ ಹಿಡಿ ನಟ್ಟನಡುವೆ ಇರುವುದಿಲ್ಲ, ಕೆಳಗಿನಿಂದ ಹೆಚ್ಚುಕಡಿಮೆ ಮೂರನೇ ಒಂದು ಭಾಗದಲ್ಲಿರುತ್ತದೆ. ಕುದುರೆಯ ಕತ್ತಿನ ಆಚೆ ಈಚೆ ಬಿಲ್ಲನ್ನು ತಿರುಗಿಸಲು ಸುಲಭವಾಗಲೆಂದು ಹೀಗೆ ಮಾಡಿದರು ಎಂಬ ವಿವರಣೆ ಜನಪ್ರಿಯ. ಆದರೆ 3ನೇ ಶತಮಾನದ ಚೀನೀ ವೃತ್ತಾಂತವೊಂದು ಜಪಾನನ್ನು ಕುದುರೆಗಳಿಲ್ಲದ ನಾಡು ಎಂದು ವರ್ಣಿಸುತ್ತಲೇ, ಅಲ್ಲಿನವರ ಬಿಲ್ಲಿನ ಕೆಳಭಾಗ ಗಿಡ್ಡ, ಮೇಲ್ಭಾಗ ಉದ್ದ ಎಂದು ದಾಖಲಿಸುತ್ತದೆ. ಅಂದರೆ ಬಿಲ್ಲಿನ ಆ ರೂಪ ಕುದುರೆಗಿಂತ ಹಳೆಯದು. ಸವಾರ ಬಂದ ಮೇಲೆ ಅದು ಅವನ ಕೈಗೂ ಒಗ್ಗಿತು, ಅಷ್ಟೆ.

ಬಿಲ್ಲಿನ ಹಿರಿಮೆಗೆ ಒಳ್ಳೆಯ ಸಾಕ್ಷಿ ಬಿಲ್ಲಲ್ಲ, ಕವಚ. ಹೇಯಾನ್ ಮತ್ತು ಕಾಮಾಕುರ ಕಾಲದ ಭಾರಿ ಕವಚವಾದ ‘ಓ-ಯೊರೊಯಿ’ಯನ್ನು ನೋಡಿ. ಭುಜಗಳ ಮೇಲೆ ಅಗಲವಾದ ಹಲಗೆಗಳು ಜೋತುಬಿದ್ದಿವೆ. ಎರಡೂ ಕೈ ಬಿಲ್ಲಿನಲ್ಲಿ ತೊಡಗಿದವನು ಗುರಾಣಿ ಹಿಡಿಯಲಾರ, ಆದ್ದರಿಂದ ಗುರಾಣಿಯನ್ನೇ ಹೆಗಲಿಗೆ ಕಟ್ಟಿದ್ದಾರೆ. ಎದೆಯ ಮೇಲೆ ನುಣುಪಾದ ತೊಗಲಿನ ಹೊದಿಕೆ, ಬಿಟ್ಟ ಹೆದೆ ಕವಚದ ಪಟ್ಟಿಗಳಿಗೆ ಸಿಕ್ಕಿಕೊಳ್ಳದಿರಲೆಂದು. ಇಡೀ ಕವಚವನ್ನು ಬಾಣ ಬಿಡುವವನಿಗಾಗಿ, ಬಾಣಕ್ಕೆ ಗುರಿಯಾಗುವವನಿಗಾಗಿ ಹೊಲಿದಿದ್ದಾರೆ. ಕತ್ತಿವರಸೆಗೆ ಅದು ತೊಡಕಿನ ಉಡುಪು. 1180ರಿಂದ 1185ರವರೆಗೆ ಮಿನಾಮೊತೊ ಮತ್ತು ತಾಯಿರಾ ಮನೆತನಗಳು ಕಾದಾಡಿದ ಯುದ್ಧದಿಂದ ಜಪಾನೀಯರು ಇಂದಿಗೂ ಹೇಳುವ ಕಥೆಯೂ ಬಿಲ್ಲಿನದೇ: ಯಾಶಿಮಾದ ಕಡಲಲ್ಲಿ ತೂಗಾಡುವ ದೋಣಿಯ ಮೇಲೆ ನೆಟ್ಟ ಬೀಸಣಿಗೆಯನ್ನು ನಾಸು ನೊ ಯೊಯಿಚಿ ಒಂದೇ ಬಾಣಕ್ಕೆ ಉರುಳಿಸಿದ ಕಥೆ.

ಇದಕ್ಕಿಂತ ಗಟ್ಟಿಯಾದ ಪುರಾವೆ ಕಾಗದಪತ್ರಗಳಲ್ಲಿದೆ. ಯುದ್ಧ ಮುಗಿದ ಮೇಲೆ ಯೋಧರು ಬಹುಮಾನ ಕೇಳಿ ಒಡೆಯರಿಗೆ ವರದಿ ಸಲ್ಲಿಸುತ್ತಿದ್ದರು. ಯಾರಿಗೆ, ಮೈಯ ಯಾವ ಭಾಗಕ್ಕೆ, ಯಾವ ಆಯುಧದಿಂದ ಗಾಯವಾಯಿತು ಎಂಬ ವಿವರ ಅದರಲ್ಲಿರುತ್ತಿತ್ತು. 14ನೇ ಶತಮಾನದ ಇಂಥ ವರದಿಗಳನ್ನು ಇತಿಹಾಸಕಾರ ಥಾಮಸ್ ಕಾನ್ಲನ್ ಒಟ್ಟುಗೂಡಿಸಿ ಎಣಿಸಿದಾಗ ಗಾಯಗಳಲ್ಲಿ ಬಹುಪಾಲು ಬಾಣದವು ಎಂದು ಕಂಡಿತು. ಕತ್ತಿಯದು ಬಹಳ ಹಿಂದಿನ ಎರಡನೆಯ ಸ್ಥಾನ. ವೀರಗಾಥೆಗಳನ್ನು ಬರೆದವರು ಕೇಳುಗರನ್ನು ಮೆಚ್ಚಿಸಬೇಕಿತ್ತು. ಗಾಯದ ಪಟ್ಟಿ ಬರೆದವನಿಗೆ ಬೇಕಾಗಿದ್ದು ತುಂಡು ಭೂಮಿ. ಈ ವಿಷಯದಲ್ಲಿ ನಾನು ನಂಬುವುದು ಎರಡನೆಯವನನ್ನು.

ಮುಂದಿನ ಸರದಿ ಈಟಿಯದು. ‘ಯಾರಿ’ ಎಂಬ ಈ ನೇರ ಅಲಗಿನ ಈಟಿ 15–16ನೇ ಶತಮಾನಗಳ ಅಂತರ್ಯುದ್ಧಗಳಲ್ಲಿ ರಣರಂಗವನ್ನು ಆಳಿತು. ಸೈನ್ಯಗಳು ಹಿಗ್ಗಿದಂತೆ ‘ಅಶಿಗಾರು’ ಎಂಬ ಕಾಲಾಳುಗಳು ಸಾವಿರಗಟ್ಟಲೆ ಬಂದರು. ಅವರಲ್ಲಿ ಅನೇಕರು ಹಳ್ಳಿಯವರು. ಬಿಲ್ಲುವಿದ್ಯೆಗೆ ವರ್ಷಗಟ್ಟಲೆ ಅಭ್ಯಾಸ ಬೇಕು, ಕುದುರೆಗೆ ಸಿರಿವಂತಿಕೆ ಬೇಕು. ಸಾಲಾಗಿ ನಿಂತು ಉದ್ದನೆಯ ಈಟಿ ಚಾಚುವುದನ್ನು ಬೇಗ ಕಲಿಸಬಹುದು. ದಂಡನಾಯಕ ಒದಾ ನೊಬುನಾಗನ ಕಾಲಾಳುಗಳ ಈಟಿಗಳು ಆರು ಮೀಟರಿನಷ್ಟು ಉದ್ದವಿದ್ದವು. ಹಾಗೆಂದು ಈಟಿ ಬಡವನ ಆಯುಧ ಮಾತ್ರವಲ್ಲ. ಶತ್ರುಸಾಲಿಗೆ ಮೊದಲ ಈಟಿ ಇಟ್ಟವನಿಗೆ ವಿಶೇಷ ಮನ್ನಣೆಯಿತ್ತು. 1583ರ ಶಿಜುಗಾತಾಕೆ ಕಾಳಗದಲ್ಲಿ ಮೆರೆದ ತೊಯೊತೊಮಿ ಹಿದೆಯೋಶಿಯ ಏಳು ತರುಣರನ್ನು ಏಳು ಈಟಿಗಳೆಂದೇ ಕೊಂಡಾಡಿದರು. ಹೀಗಿದ್ದೂ ಇಂದು ಕತಾನದ ಹೆಸರು ಬಲ್ಲ ಸಾವಿರ ಜನರಲ್ಲಿ ಯಾರಿಯ ಹೆಸರು ಬಲ್ಲವರು ಎಷ್ಟು ಮಂದಿ? ಆಯುಧ ಮರೆತುಹೋದರೆ ಅದನ್ನು ಹಿಡಿದ ಕೈಯೂ ಮರೆತುಹೋಗುತ್ತದೆ. ಅಶಿಗಾರುವಿಗೆ ಆದದ್ದು ಅದೇ.

1543ರಲ್ಲಿ ಪೋರ್ಚುಗೀಸರಿದ್ದ ಹಡಗೊಂದು ತಾನೆಗಾಶಿಮ ದ್ವೀಪದ ದಡ ಸೇರಿತು. ದ್ವೀಪದ ಒಡೆಯ ಎರಡು ಬಂದೂಕು ಕೊಂಡ, ಅಲ್ಲಿನ ಕಮ್ಮಾರರು ನೋಡಿ ಕಲಿತರು. ಕೆಲವೇ ದಶಕಗಳಲ್ಲಿ ಸಾಕಾಯಿ, ಕುನಿತೊಮೊದಂಥ ಊರುಗಳು ಬಂದೂಕಿನ ಕುಲುಮೆಗಳಿಂದ ತುಂಬಿದವು. 1575ರ ನಾಗಾಶಿನೊ ಕದನದಲ್ಲಿ ನೊಬುನಾಗನ ಮೂರು ಸಾವಿರ ಬಂದೂಕುಗಳು ಮೂರು ಸಾಲಿನಲ್ಲಿ ಸರದಿಯಂತೆ ಗುಂಡು ಹಾರಿಸಿದವು ಎಂಬ ಕಥೆಯನ್ನು ಈಚಿನ ವಿದ್ವಾಂಸರು ಅನುಮಾನಿಸುತ್ತಾರೆ. ಆದರೆ ಎದುರಾಳಿ ತಾಕೆದಾ ಮನೆತನದ ಪಡೆಯನ್ನು ಸೋಲಿಸುವುದರಲ್ಲಿ ಬಂದೂಕಿನ ದೊಡ್ಡ ಪಾಲಿತ್ತೆಂಬುದು ಅನುಮಾನಕ್ಕೆ ಮೀರಿದ್ದು. ಆಮೇಲೆ ಸಮುರಾಯಿಗಳು ಮನಸಾರೆ ಬಂದೂಕನ್ನು ತ್ಯಜಿಸಿ ಕತ್ತಿಗೆ ಮರಳಿದರು ಎಂಬ ಕಥೆಯೂ ಇದೆ. 1979ರಲ್ಲಿ ನೋಯೆಲ್ ಪೆರಿನ್ ಬರೆದ ಪುಸ್ತಕ ಅದನ್ನು ಪಶ್ಚಿಮದಲ್ಲಿ ಜನಪ್ರಿಯಗೊಳಿಸಿತು. ಕೇಳಲು ಸೊಗಸು, ಆದರೆ ನಿಜವಲ್ಲ. ಆ ಬಳಿಕದ, ಶಾಂತಿಯ ಎದೊ ಕಾಲದ ಕೋಟೆಗಳಲ್ಲೂ ಬಂದೂಕುಗಳು ಇದ್ದೇ ಇದ್ದವು. ಹಳ್ಳಿಗಳಲ್ಲಿ ರೈತರು ಕಾಡುಹಂದಿ ಓಡಿಸಲು ಅವನ್ನೇ ಬಳಸುತ್ತಿದ್ದರು. ಕಡಿಮೆಯಾದದ್ದು ಯುದ್ಧ. ಗುಂಡಿನ ಮುಂದೆ ಕತ್ತಿ ನಿಲ್ಲದು ಎಂಬ ಸತ್ಯವನ್ನು ನಿರ್ದೇಶಕ ಅಕಿರಾ ಕುರೊಸಾವಾ ಬಲ್ಲವರಾಗಿದ್ದರು. ಅವರ ‘ಸೆವೆನ್ ಸಮುರಾಯ್’ ಚಿತ್ರದಲ್ಲಿ ಸಾಯುವ ನಾಲ್ವರು ಸಮುರಾಯಿಗಳೂ, ಕತ್ತಿಯಲ್ಲಿ ಎಣೆಯಿಲ್ಲದ ಕ್ಯುಜೊ ಕೂಡ, ಗುಂಡಿಗೇ ಬೀಳುತ್ತಾರೆ.

ಹಾಗಾದರೆ ಕತ್ತಿಗೆ ಪಟ್ಟ ಬಂದದ್ದು ಹೇಗೆ? 1588ರಲ್ಲಿ, ಆಗ ನಾಡನ್ನಾಳುತ್ತಿದ್ದ ಹಿದೆಯೋಶಿ ರೈತರಿಂದ ಆಯುಧಗಳನ್ನು ಕಿತ್ತುಕೊಂಡ. ಆ ಕಬ್ಬಿಣ ಕ್ಯೋಟೊದ ಮಹಾಬುದ್ಧನ ಕಟ್ಟಡಕ್ಕೆ ಮೊಳೆಯಾಗುತ್ತದೆ, ಕೊಟ್ಟವರಿಗೆ ಪುಣ್ಯ ಎಂದು ಸಾರಿದ. ತಾನೇ ರೈತಾಪಿ ಮನೆಯಿಂದ ಮೇಲೆದ್ದ ಅವನು ಹಿಂದಿನವರು ಹತ್ತದಂತೆ ಏಣಿ ಎಳೆದುಕೊಂಡ ಎನ್ನದೆ ವಿಧಿಯಿಲ್ಲ. 1615ರಲ್ಲಿ ಒಸಾಕಾ ಕೋಟೆ ಬಿದ್ದ ಮೇಲೆ ತೊಕುಗಾವ ಮನೆತನದ ಶಾಂತಿ ನೆಲೆಯಾಯಿತು. ಅದೇ ವರ್ಷ ಯೋಧ ಮನೆತನಗಳಿಗೆಂದು ಹೊರಡಿಸಿದ ಕಟ್ಟಳೆಯ ಮೊದಲ ವಿಧಿ ಓದು-ಬರಹದ ಜೊತೆ ಕಲಿಯಹೇಳಿದ್ದು ಬಿಲ್ಲು ಮತ್ತು ಕುದುರೆಯನ್ನೇ. ಆದರೆ ಪೇಟೆಯ ಬೀದಿಯಲ್ಲಿ ಬಿಲ್ಲು ಹೊತ್ತು ತಿರುಗುವುದಾಗದು, ಆರು ಮೀಟರಿನ ಈಟಿಯನ್ನಂತೂ ಇಲ್ಲವೇ ಇಲ್ಲ. ಸೊಂಟಪಟ್ಟಿಯಲ್ಲಿ ಸಿಕ್ಕಿಸಿಕೊಳ್ಳಬಹುದಾದ ಜೋಡಿ ಕತ್ತಿ, ಒಂದು ಉದ್ದ ಒಂದು ಗಿಡ್ಡ, ಅಧಿಕಾರದ ಗುರುತಾಯಿತು. 17ನೇ ಶತಮಾನ ಮುಗಿಯುವ ಹೊತ್ತಿಗೆ ಆ ಜೋಡಿಯನ್ನು ಧರಿಸುವ ಹಕ್ಕು ಸಮುರಾಯಿಗಳಿಗಷ್ಟೇ ಮೀಸಲಾಗಿತ್ತು. ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದ ಸಮುರಾಯಿಗೆ ತಾನು ವರ್ತಕನಲ್ಲ, ರೈತನಲ್ಲ ಎಂದು ತೋರಿಸಲು ಉಳಿದದ್ದು ಅದೊಂದೇ.

ಆ ಕಾಲದಲ್ಲೇ ಕತ್ತಿಯ ಸುತ್ತ ಒಂದು ವಿದ್ವತ್ತೂ ಬೆಳೆಯಿತು. ಹೊನಾಮಿ ಮನೆತನದವರು ಅಲಗು ನೋಡಿ ಕಮ್ಮಾರನನ್ನು ಗುರುತಿಸಿ ಪ್ರಮಾಣಪತ್ರ ಬರೆದುಕೊಡುತ್ತಿದ್ದರು. ಶೋಗುನ್ ಯೊಶಿಮುನೆಯ ಆಜ್ಞೆಯಂತೆ ನಾಡಿನ ಹೆಸರಾಂತ ಕತ್ತಿಗಳ ಪಟ್ಟಿಯನ್ನೂ ಸಿದ್ಧಪಡಿಸಿದರು. ಇದೇ ವಿದ್ವತ್ತಿಗೆ ಕರಾಳವಾದ ಒಂದು ಮಗ್ಗುಲಿದೆ, ಕತ್ತಿಯ ಆರಾಧಕರು ಅದನ್ನು ಬೇಗ ದಾಟಿಬಿಡುತ್ತಾರೆ. ಅಲಗಿನ ಹರಿತವನ್ನು ಮರಣದಂಡನೆಗೆ ಒಳಗಾದವರ ಹೆಣಗಳ ಮೇಲೆ ಪರೀಕ್ಷಿಸುತ್ತಿದ್ದರು. ಯಾಮಾದಾ ಅಸಾಎಮೊನ್ ಎಂಬ ಹೆಸರನ್ನು ತಲೆಮಾರುಗಳ ಕಾಲ ಹೊತ್ತ ಮನೆತನಕ್ಕೆ ಅದೇ ಕಸುಬು. ಎಷ್ಟು ದೇಹಗಳನ್ನು ಒಂದೇ ಏಟಿಗೆ ಕಡಿಯಿತು ಎಂಬುದನ್ನು ಹಿಡಿಯೊಳಗೆ ಅಡಗಿರುವ ಲೋಹದ ಭಾಗದಲ್ಲಿ ಚಿನ್ನದಲ್ಲಿ ಕೆತ್ತಿಸುವುದೂ ಇತ್ತು. ಆ ಬರಹ ಬೆಲೆಯನ್ನು ಹೆಚ್ಚಿಸುತ್ತಿತ್ತು.

1876ರಲ್ಲಿ, ತೊಕುಗಾವರ ನಂತರ ಬಂದ ಮೇಜಿ ಸರ್ಕಾರ ಬೀದಿಯಲ್ಲಿ ಕತ್ತಿ ಧರಿಸುವುದನ್ನು ನಿಷೇಧಿಸಿತು. ಅಲ್ಲಿಂದ ಕಾಲು ಶತಮಾನದೊಳಗೆ, 1900ರಲ್ಲಿ, ನಿತೊಬೆ ಇನಾಜೊ ತಮ್ಮ ‘ಬುಶಿದೊ’ ಪುಸ್ತಕದಲ್ಲಿ ಕತ್ತಿಯನ್ನು ಸಮುರಾಯಿಯ ಆತ್ಮವೆಂದು ಕರೆದು ಒಂದು ಅಧ್ಯಾಯವನ್ನೇ ಅದಕ್ಕೆ ಮೀಸಲಿಟ್ಟರು. ಆ ಪುಸ್ತಕ ಬರೆದದ್ದು ಇಂಗ್ಲಿಷಿನಲ್ಲಿ, ಅಮೆರಿಕದಲ್ಲಿ, ಪಶ್ಚಿಮದ ಓದುಗರಿಗಾಗಿ. ನಿತೊಬೆಯವರು ಶಾಂತಿಪ್ರಿಯರಾದ ಕ್ರೈಸ್ತರು, ಅವರ ಉದ್ದೇಶವನ್ನು ನಾನು ಶಂಕಿಸುವುದಿಲ್ಲ. ಆದರೆ ಅವರು ಹೊಳಪು ಕೊಟ್ಟ ಕಲ್ಪನೆಯನ್ನು ಸೈನ್ಯ ಬೇರೆಯದೇ ಕೆಲಸಕ್ಕೆ ಬಳಸಿಕೊಂಡಿತು. 1933ರಲ್ಲಿ ಯಾಸುಕುನಿ ದೇಗುಲದ ಆವರಣದಲ್ಲೇ ಅಧಿಕಾರಿಗಳಿಗೆ ಕತ್ತಿ ಬಡಿಯುವ ಕುಲುಮೆ ಹೊತ್ತಿತು. 1937ರಲ್ಲಿ ಸೈನ್ಯ ಚೀನಾದ ನಾನ್ಜಿಂಗ್ ಕಡೆಗೆ ಸಾಗುತ್ತಿದ್ದಾಗ, ಕತ್ತಿಯಿಂದ ನೂರು ಜನರನ್ನು ಮೊದಲು ಕೊಲ್ಲುವವರು ಯಾರು ಎಂದು ಇಬ್ಬರು ಅಧಿಕಾರಿಗಳು ಪಂದ್ಯ ಕಟ್ಟಿದ್ದಾರೆಂದು ಟೋಕಿಯೊದ ಪತ್ರಿಕೆಯೊಂದು ಆಟದ ಸುದ್ದಿಯಂತೆ ಕಂತುಕಂತಾಗಿ ಪ್ರಕಟಿಸಿತು. ಆ ವರದಿಯಲ್ಲಿ ಎಷ್ಟು ನಿಜ ಎಂಬ ಜಗಳ ಇಂದಿಗೂ ಮುಗಿದಿಲ್ಲ. ನನಗೆ ಮುಖ್ಯವೆನಿಸುವುದು, ಓದುಗರು ಅದನ್ನು ಮೆಚ್ಚುತ್ತಾರೆಂದು ಪತ್ರಿಕೆ ನಂಬಿತ್ತು ಎಂಬುದು. ಆಯುಧಕ್ಕೆ ಆತ್ಮ ಕೊಟ್ಟವರು ಈ ಪುಟವನ್ನೂ ಓದಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಜಪಾನಿನ ಕತ್ತಿ ಮನುಷ್ಯರ ಕೈ ಮಾಡಿದ ಅತ್ಯುತ್ತಮ ಲೋಹದ ಕೆಲಸಗಳಲ್ಲೊಂದು ಎಂದೇ ನನ್ನ ನಂಬಿಕೆ. ಆದರೆ ಆ ಹಿರಿಮೆ ಹಿಡಿದವನದಲ್ಲ, ಮಾಡಿದವನದು. ಶಿಮಾನೆ ಪ್ರಾಂತದ ಓಕುಇಜುಮೊದಲ್ಲಿ 1977ರಲ್ಲಿ ಮತ್ತೆ ಹೊತ್ತಿಸಿದ ‘ತತಾರ’ ಎಂಬ ಮಣ್ಣಿನ ಕುಲುಮೆಯನ್ನೇ ತೆಗೆದುಕೊಳ್ಳಿ. ಮೂರು ಹಗಲು ಮೂರು ರಾತ್ರಿ ಕಬ್ಬಿಣದ ಮರಳು ಮತ್ತು ಇದ್ದಿಲನ್ನು ಟನ್‌ಗಟ್ಟಲೆ ಸುರಿಯುತ್ತಾರೆ. ಮೇಸ್ತ್ರಿ ಉರಿಯ ಬಣ್ಣ ನೋಡಿ ಹದ ತಿಳಿಯುತ್ತಾನೆ. ಕೊನೆಗೆ ಕುಲುಮೆಯನ್ನೇ ಒಡೆದು ಉಕ್ಕಿನ ಗಡ್ಡೆಯನ್ನು ಹೊರಗೆಳೆಯುತ್ತಾರೆ; ಅದರಲ್ಲಿ ಕತ್ತಿಗೆ ಯೋಗ್ಯವಾದದ್ದು ಸ್ವಲ್ಪವೇ. ಆ ಉಕ್ಕಿನಲ್ಲಿ ಇಂಗಾಲ ಒಂದೇ ಸಮನಾಗಿರುವುದಿಲ್ಲ, ಕಿಟ್ಟವೂ ಸೇರಿರುತ್ತದೆ. ಕಾಯಿಸಿ, ಬಡಿದು, ಮಡಚುವುದು ಅದಕ್ಕೇ. ಸಾವಿರ ಸಲ ಮಡಚುತ್ತಾರೆ ಎಂಬುದು ಬರೀ ಕಟ್ಟುಕಥೆ. ಹತ್ತು ಮಡಿಕೆಗೇ ಸಾವಿರದ ಮೇಲೆ ಪದರಗಳಾಗುತ್ತವೆ, ಹದಿನೈದರ ಆಸುಪಾಸಿಗೆ ನಿಲ್ಲಿಸುತ್ತಾರೆ. ನಿಜವಾದ ಜಾಣ್ಮೆ ಆಮೇಲಿನದು. ಬೆನ್ನಿಗೆ ದಪ್ಪವಾಗಿ, ಬಾಯಿಗೆ ತೆಳುವಾಗಿ ಜೇಡಿಮಣ್ಣು ಬಳಿದು, ಕೆಂಪಗೆ ಕಾಯಿಸಿ, ನೀರಿಗದ್ದುತ್ತಾರೆ. ಬಾಯಿ ಥಟ್ಟನೆ ತಣಿದು ಗಡುಸಾಗುತ್ತದೆ, ಬೆನ್ನು ನಿಧಾನವಾಗಿ ತಣಿದು ಏಟು ತಾಳುವ ಮೆದುವನ್ನು ಉಳಿಸಿಕೊಳ್ಳುತ್ತದೆ, ಅಲಗು ಇನ್ನಷ್ಟು ಬಾಗುತ್ತದೆ. ಎರಡೂ ಕೂಡುವಲ್ಲಿ ಅಲೆಯಂಥ ಬಿಳಿ ಗೆರೆ ಮೂಡುತ್ತದೆ. ಅದನ್ನು ಕಣ್ಣಿಗೆ ಕಾಣಿಸುವವನು ವಾರಗಟ್ಟಲೆ ಕೂತು ಸಾಣೆಕಲ್ಲುಗಳನ್ನು ಬದಲಿಸುತ್ತ ಉಜ್ಜುವ ಇನ್ನೊಬ್ಬ. ಒಸಾಫುನೆ ಊರಿನ ಹಳೆಯ ಕಮ್ಮಾರರ ಕೆಲಸದ ಮುಂದೆ ಮಾತು ನಿಲ್ಲುವುದು ಈ ಕಾರಣಕ್ಕೆ.

ಕತ್ತಿ ಕಮ್ಮಾರರಿಗೆ ಇಂದು ಸರ್ಕಾರದ ಪರವಾನಗಿಯಿದೆ, ಸಂಗ್ರಾಹಕರಿದ್ದಾರೆ, 1948ರಿಂದ ದೊಡ್ಡ ಸಂಘವಿದೆ. ಇದೆಲ್ಲ ಅವರಿಗೆ ಸಲ್ಲಬೇಕಾದದ್ದೇ. ಬಿಲ್ಲುಕಾರರಿಗೆ ಮಾತ್ರ ಆ ಹೆಸರಿಲ್ಲ. ಜಪಾನಿನ ಬಿದಿರ ಬಿಲ್ಲುಗಳಲ್ಲಿ ಬಹುಪಾಲು ಮಿಯಾಝಾಕಿ ಪ್ರಾಂತದ ಮಿಯಾಕೊನೊಜೊ ಊರಿನಲ್ಲಿ ತಯಾರಾಗುತ್ತವೆ. ಬಿದಿರು ಸೀಳಿ, ಪಟ್ಟಿಗಳನ್ನು ಅಂಟಿಸಿ, ಹಗ್ಗ ಸುತ್ತಿ, ಬೆಣೆ ಬಡಿದು ಬಾಗಿಸುವ ಆ ಕೆಲಸದಲ್ಲಿ ಕುಲುಮೆಯ ಕಿಡಿಗಳಿಲ್ಲ, ಆದ್ದರಿಂದ ಕ್ಯಾಮೆರಾಗಳೂ ಅತ್ತ ಹೆಚ್ಚು ಸುಳಿಯುವುದಿಲ್ಲ. ಸಮುರಾಯಿಯ ಮೊದಲ ಆಯುಧವನ್ನು ಇಂದಿಗೂ ಕೈಯಿಂದ ಮಾಡುತ್ತಿರುವವರು ಅವರು.