ಸಾಕ್ಷಿ ಮತ್ತು ಮನಸ್ಸಾಕ್ಷಿ

ಬೆಂಗಳೂರಿನ ಪೀಣ್ಯದಲ್ಲಿ, ಪೌಡರ್ ಕೋಟಿಂಗ್ ಶೆಡ್ಡೊಂದರ ಮಹಡಿಯ ಮೇಲೆ ನಡೆಯುವ ಭಾನುವಾರದ ಆರಾಧನೆಗೆ ಹೋಗಿದ್ದೆ. ಮೇಲೆ ಶೀಟು, ಸಾಲಾಗಿ ಬಾಡಿಗೆ ಕುರ್ಚಿ, ಮೆಟ್ಟಿಲ ಕಡೆಯಿಂದ ಬಣ್ಣದ ಪುಡಿಯ ವಾಸನೆ. ಹಾಡು ಮುಗಿದ ಮೇಲೆ ಸಾಕ್ಷಿ ಹೇಳುವ ಸಮಯ ಬಂತು. ಒಬ್ಬ ತಾಯಿ ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿದ್ದನ್ನು ಹೇಳಿದರು. ಒಬ್ಬ ಹುಡುಗ ಬೈಕ್ ಅಪಘಾತದಿಂದ ಪಾರಾದದ್ದನ್ನು ಹೇಳಿದ. ಎರಡಕ್ಕೂ ಸಭೆ ಒಕ್ಕೊರಲಿನಿಂದ ‘ಸ್ತೋತ್ರ’ ಎಂದಿತು. ಆಮೇಲೆ ಐವತ್ತರ ಆಸುಪಾಸಿನವರೊಬ್ಬರು ಎದ್ದರು. ಲೇತ್ ಶಾಪ್ ಇಟ್ಟುಕೊಂಡವರು. ತೊಳೆದು ಬಂದಿದ್ದರೂ ಉಗುರಿನ ಸಂದಿಯಲ್ಲಿ ಆಯಿಲ್ಲಿನ ಕಪ್ಪು ಹಾಗೇ ಉಳಿದಿತ್ತು. “ನಮ್ಮಲ್ಲಿ ಹನ್ನೆರಡು ಜನ ಕೆಲಸಕ್ಕಿದ್ದಾರೆ. ಓವರ್‌ಟೈಮಿಗೆ ಡಬಲ್ ಕೊಡಬೇಕು, ನಾನು ಸಿಂಗಲ್ಲೇ ಕೊಡ್ತಿದ್ದೆ. ಮೂರು ವರ್ಷದ್ದು ಲೆಕ್ಕ ಹಾಕಿದೆ. ಇಬ್ಬರು ಬಿಟ್ಟು ಹೋಗಿದ್ರು, ನಂಬರ್ ಹುಡುಕಿ ಕಳಿಸಿದೆ. ಇನ್ನೂ ನಾಲ್ಕು ಜನರದ್ದು ಬಾಕಿ ಇದೆ” ಎಂದು ಕೂತುಬಿಟ್ಟರು. ಸ್ತೋತ್ರ ಅನ್ನಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಮೈಕು ಹಿಡಿದಿದ್ದವರು ಮುಂದಿನ ಹಾಡಿನ ನಂಬರ್ ಹೇಳಿದರು.

ಆ ಗಳಿಗೆಯ ಮೌನ ನನ್ನನ್ನು ಬಿಟ್ಟಿಲ್ಲ. ಅವರು ಹೇಳಿದ್ದು ಹೊಸದೇನಲ್ಲ. ಲೂಕನ ಸುವಾರ್ತೆಯ 19ನೇ ಅಧ್ಯಾಯದ ಜಕ್ಕಾಯ ಸುಂಕದವರ ಮುಖ್ಯಸ್ಥ. ಯೇಸು ತನ್ನ ಮನೆಗೆ ಬಂದ ದಿನ ಅವನು ಆಡಿದ್ದೂ ಲೆಕ್ಕದ ಮಾತನ್ನೇ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸು. ಜಕ್ಕಾಯನ ಕತೆಯನ್ನು ಸಂಡೇ ಸ್ಕೂಲಿನಲ್ಲೇ ಬಾಯಿಪಾಠ ಮಾಡಿದ ಸಭೆಗೆ, ಜಕ್ಕಾಯ ಪಕ್ಕದ ಕುರ್ಚಿಯಿಂದ ಎದ್ದು ನಿಂತಾಗ ಗುರುತು ಸಿಗಲಿಲ್ಲ. ಇದು ಆ ಒಂದು ಸಭೆಯ ದೋಷವಲ್ಲ. ಸಾಕ್ಷಿ ಎಂಬ ಪ್ರಕಾರವೇ ನಮ್ಮಲ್ಲಿ ಹಾಗೆ ಬೆಳೆದುಬಿಟ್ಟಿದೆ.

ಪೀಣ್ಯದ ಶೆಡ್ಡು, ಎಲೆಕ್ಟ್ರಾನಿಕ್ ಸಿಟಿಯ ಬಾಡಿಗೆ ಹಾಲ್, ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನ ಪ್ರಾರ್ಥನಾಕೂಟ, ಎಲ್ಲಿ ಕೂತು ಕೇಳಿದರೂ ಸಾಕ್ಷಿಯ ಅಚ್ಚು ಒಂದೇ: ಮೊದಲು ಕತ್ತಲೆ, ಆಮೇಲೆ ಒಂದು ದಿನ, ಒಂದು ಪ್ರಾರ್ಥನೆ, ಆಮೇಲೆ ಬೆಳಕು. ಬೆಳಕು ಎಂದರೆ ಬಹುಮಟ್ಟಿಗೆ ಸಿಕ್ಕಿದ್ದು: ಕೆಲಸ, ವೀಸಾ, ಸೈಟು, ಗಂಡು. ಈ ಕೃತಜ್ಞತೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ರಾಯಚೂರಿನ ಕಡೆಯಿಂದ ಬಂದು ಗೇಟಿನಲ್ಲಿ ರಾತ್ರಿ ಪಾಳಿ ಮಾಡುವ ಸೆಕ್ಯುರಿಟಿಯವನು ಮಗುವಿನ ಜ್ವರ ಇಳಿದದ್ದಕ್ಕೆ ದೇವರನ್ನು ಕೊಂಡಾಡಿದರೆ ಅವನ ಜೊತೆ ನಾನೂ ಕೈ ಎತ್ತುತ್ತೇನೆ. ನನ್ನ ಆಕ್ಷೇಪ ಬೇರೆ. ಸಿಕ್ಕವರಿಗಷ್ಟೇ ಸಾಕ್ಷಿ ಇದೆ ಎಂದಾದಾಗ ಸಿಗದವರು ಏನು ಮಾಡಬೇಕು? ಕೆಲಸ ಹೋಗಿ ಎಂಟು ತಿಂಗಳಾದ ಟೆಕ್ಕಿ ಹಿಂದಿನ ಸಾಲಿನಲ್ಲಿ ಕೂತಿರುತ್ತಾನೆ. ಈ ಎಂಟು ತಿಂಗಳಲ್ಲಿ ಅವನ ಸಿಡುಕು ಕರಗಿರಬಹುದು. ಅಪ್ಪನ ಜೊತೆ ಮೊದಲ ಸಲ ಮನಸ್ಸು ಬಿಚ್ಚಿ ಮಾತಾಡಿರಬಹುದು. ಅದನ್ನು ಹೇಳಲು ಅವನಿಗೆ ಮೈಕು ಸಿಗುವುದಿಲ್ಲ. ಕೆಲಸ ಸಿಕ್ಕ ಮೇಲೆ ಸಿಗುತ್ತದೆ.

ಜಾಗ ಬದಲಾದರೆ ಬಾಳು ಬದಲಾದೀತು ಎಂಬ ಆಸೆ ಈ ನೆಲಕ್ಕೆ ಹಳೆಯದು. ವೈಟ್‌ಫೀಲ್ಡ್ ಹುಟ್ಟಿದ್ದೇ ಹಾಗೆ. 1882ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಕೊಟ್ಟ ಜಮೀನಿನಲ್ಲಿ, ಡಿ.ಎಸ್. ವೈಟ್ ಅವರ ಮುಂದಾಳುತನದಲ್ಲಿ, ಆಂಗ್ಲೋ ಇಂಡಿಯನ್ನರು ತಮ್ಮ ಕಾಲ ಮೇಲೆ ನಿಲ್ಲಲೆಂದು ಎದ್ದ ಬೇಸಾಯದ ಊರು ಅದು. ಈಗ ಅಲ್ಲಿಗೆ ಬರುವವರ ಕೈಯಲ್ಲಿ ಲ್ಯಾಪ್‌ಟಾಪ್ ಬ್ಯಾಗಿದೆ, ಆಸೆ ಅದೇ. ಆ ಆಸೆ ತಪ್ಪಲ್ಲ. ಸುವಾರ್ತೆಯನ್ನು ಆಸೆಯ ಗಾತ್ರಕ್ಕೆ ಕತ್ತರಿಸಿ ಹೊಲಿಯುವುದು ತಪ್ಪು.

ಕನ್ನಡ ಬೈಬಲ್ಲಿನ ಒಂದು ಪದದ ಮೇಲೆ ನನಗೆ ತುಂಬ ಪ್ರೀತಿ: ಮಾನಸಾಂತರ. ಗ್ರೀಕಿನ ಮೆಟನೋಯಾಕ್ಕೆ, ಅಂದರೆ ಮನಸ್ಸು ತಿರುಗುವುದಕ್ಕೆ, ಇಷ್ಟು ಹತ್ತಿರದ ಮಾತು ಸಿಕ್ಕಿದ್ದು ನಮ್ಮ ಭಾಗ್ಯ. ಪಶ್ಚಾತ್ತಾಪದಲ್ಲಿ ಅಳುವೇ ಹೆಚ್ಚು; ಮಾನಸಾಂತರದಲ್ಲಿ ಒಳಗಿನ ನೆಲೆಯೇ ಕದಲುತ್ತದೆ. ಆದರೆ ಬೀದಿಯಲ್ಲಿ ಕೇಳಿಬರುವುದು ಅದರ ದೂರದ ಬಂಧು ಮತಾಂತರ ಮಾತ್ರ. 2021ರ ಡಿಸೆಂಬರಿನಲ್ಲಿ ಕರ್ನಾಟಕ ವಿಧಾನಸಭೆ ಮತಾಂತರ ತಡೆಯ ಮಸೂದೆಯನ್ನು ಒಪ್ಪಿತು, 2022ರಲ್ಲಿ ಅದು ಕಾಯ್ದೆಯಾಯಿತು, 2023ರ ಜೂನಿನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂತೆಗೆಯಲು ತೀರ್ಮಾನಿಸಿತು. ಅಷ್ಟೂ ಕಾಲ ಪರವಾಗಿಯೂ ವಿರುದ್ಧವಾಗಿಯೂ ಎಣಿಸಿದ್ದು ತಲೆಗಳನ್ನು. ಹೊರಗಿನವರು ಎಣಿಸಿದರೆ ನೋವಾಗುತ್ತದೆ, ನಿಜ. ನಮ್ಮ ಸಭೆಗಳ ವಾರ್ಷಿಕ ವರದಿಯೂ ದೀಕ್ಷಾಸ್ನಾನದ ಸಂಖ್ಯೆಯನ್ನಲ್ಲದೆ ಇನ್ನೇನನ್ನು ಎಣಿಸುತ್ತದೆ?

ಇನ್ನೊಂದು ಪದದ ಬಗ್ಗೆ ನನಗೆ ತಕರಾರಿದೆ. ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ಪೌಲ ಹೇಳುವುದು ಮನಸ್ಸು ಹೊಸತಾಗಿ ಮನುಷ್ಯನ ರೂಪವೇ ಬದಲಾಗುವುದನ್ನು. ಗ್ರೀಕಿನ ಆ ಕ್ರಿಯಾಪದ ಮೆಟಮಾರ್ಫೋಸಿಸ್ ಎಂಬ ಪದದ ಒಡಹುಟ್ಟು. ಬಹಳ ಮನೆಗಳಲ್ಲಿರುವ ಕನ್ನಡ ಅನುವಾದದಲ್ಲಿ ಆ ಜಾಗದಲ್ಲಿ ‘ಪರಲೋಕಭಾವ’ ಎಂಬ ಮಾತಿದೆ. ಇಹಲೋಕಕ್ಕೆ ಎದುರಾಗಿ ಪರಲೋಕವನ್ನಿಟ್ಟ ಅನುವಾದಕರ ತರ್ಕ ನನಗೆ ಅರ್ಥವಾಗುತ್ತದೆ, ಕಿವಿಗೂ ಅದು ಹಿತವೇ. ಆದರೂ ಆ ಪದ ಬದಲಾವಣೆಯನ್ನು ನೆಲದಿಂದ ಎತ್ತಿ ಆಕಾಶಕ್ಕೆ ತೂಗುಹಾಕುತ್ತದೆ. ಓವರ್‌ಟೈಮ್ ರಿಜಿಸ್ಟರು ಪರಲೋಕದಲ್ಲಿ ಇಲ್ಲವಲ್ಲ.

ಒಂದೇ ದಿನದಲ್ಲಿ ಎಲ್ಲವೂ ಮುಗಿದುಹೋಯಿತು ಎನ್ನುವ ಸಾಕ್ಷಿಗೆ ಬೈಬಲ್ಲಿನ ಆಧಾರವೂ ಗಟ್ಟಿಯಿಲ್ಲ. ದಮಸ್ಕದ ದಾರಿಯಲ್ಲಿ ಬೆಳಕು ಕಂಡ ಪೌಲನೇ, ಆಮೇಲೆ ಅರಬಿಸ್ಥಾನಕ್ಕೆ ಹೋದೆ, ಯೆರೂಸಲೇಮಿಗೆ ಬರಲು ಮೂರು ವರ್ಷವಾಯಿತು ಎಂದು ಗಲಾತ್ಯದವರಿಗೆ ಬರೆದಿದ್ದಾನೆ. ಪೇತ್ರನ ಕತೆ ಇನ್ನೂ ಕಟುವಾದದ್ದು. ಪಂಚಾಶತ್ತಮ ದಿನದಲ್ಲಿ ಜನಸ್ತೋಮದ ಮುಂದೆ ನಿಂತು ಸಾರಿದವನು, ವರ್ಷಗಳ ನಂತರ ಅಂತಿಯೋಕ್ಯದಲ್ಲಿ, ಯೆರೂಸಲೇಮಿನಿಂದ ತನ್ನವರು ಬಂದರೆಂದು, ಅನ್ಯಜನರ ಜೊತೆ ಕೂತು ಉಣ್ಣುವುದನ್ನೇ ನಿಲ್ಲಿಸಿಬಿಟ್ಟ. ಆತ್ಮ ತುಂಬಿದವನ ಕೈಯೂ ತಟ್ಟೆಯ ಹತ್ತಿರ ಬಂದಾಗ ಹಿಂಜರಿಯಿತು. ನಮ್ಮ ಸಭೆಗಳಲ್ಲಿ ಇದನ್ನು ಓದುವಾಗ ನನಗೆ ಮದುವೆಯ ಮಾತುಕತೆಗಳು ನೆನಪಾಗುತ್ತವೆ. ಹೊಸದಾಗಿ ಹುಟ್ಟಿದವರೆಂದು ಸಾಕ್ಷಿ ಹೇಳಿದವರೇ ಹೆಣ್ಣು ನೋಡಲು ಹೋದಾಗ ಹಳೆಯ ಹುಟ್ಟನ್ನು ವಿಚಾರಿಸುತ್ತಾರೆ. “ನಮ್ಮ ಕಡೆಯವರೇ ತಾನೆ?” ಎಂಬ ಮೂರು ಪದಗಳಲ್ಲಿ ಜಾತಿ ಪೂರ್ತಿ ಅಡಗಿರುತ್ತದೆ. ಮಾನಸಾಂತರದ ಗುರುತನ್ನು ಎಲ್ಲಿ ಹುಡುಕಬೇಕೆಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಆ ಮಾತುಕತೆ ನಡೆಯುವ ಚಾಪೆಯನ್ನು.

ಸಾಕ್ಷಿ ಎಂಬುದು ಕೋರ್ಟಿನ ಮಾತು ಕೂಡ. ತನ್ನ ಪರವಾಗಿ ತಾನೇ ಹೇಳಿಕೊಂಡದ್ದಕ್ಕೆ ಅಲ್ಲಿ ಹೆಚ್ಚು ತೂಕವಿಲ್ಲ. ಲೇತ್ ಶಾಪಿನವರ ಬದಲಾವಣೆಗೆ ನಿಜವಾದ ಸಾಕ್ಷಿ ಅವರ ಹೆಲ್ಪರ್. ಟೆಕ್ಕಿಯ ಬದಲಾವಣೆಗೆ ಅವನ ಅಪ್ಪ. ಅವರಿಬ್ಬರೂ ಭಾನುವಾರದ ಹಾಲಿನಲ್ಲಿ ಇರುವುದಿಲ್ಲ. ನಿಜವಾದ ಸಾಕ್ಷಿ ಮೈಕಿನ ಮುಂದೆ ಇರುವುದಿಲ್ಲ ಎಂಬುದನ್ನು ಕನ್ನಡ ಬಲ್ಲದು. ಹಾಗಾಗಿಯೇ ಒಳಗೆ ಕೂತು ಎಲ್ಲವನ್ನೂ ನೋಡುತ್ತಿರುವುದಕ್ಕೆ ಮನಸ್ಸಾಕ್ಷಿ ಎಂದು ಹೆಸರಿಟ್ಟಿದೆ.

ಹಾಗಾದರೆ ಸಾಕ್ಷಿಯನ್ನು ಕೈಬಿಡಬೇಕೆ? ಬೇಡ. ಅದಕ್ಕೊಂದು ಜೊತೆ ಬೇಕು, ಮತ್ತು ಆ ಜೊತೆ ನಮ್ಮ ಪರಂಪರೆಯಲ್ಲೇ ಇದೆ. 1742ರಲ್ಲಿ ಬ್ರಿಸ್ಟಲ್‌ನ ಮೆಥೊಡಿಸ್ಟರು ಪ್ರಾರ್ಥನಾಮಂದಿರದ ಸಾಲ ತೀರಿಸಲು ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ, ವಾರಕ್ಕೊಂದು ಪೆನ್ನಿ ವಸೂಲಿಗೆ ಒಬ್ಬೊಬ್ಬ ಮುಂದಾಳನ್ನು ನೇಮಿಸಿದರು. ಪೆನ್ನಿಗೆಂದು ಮನೆಮನೆಗೆ ಹೋದವರ ಕಣ್ಣಿಗೆ ಬಿದ್ದದ್ದು ಕುಡಿತ, ಜಗಳ. ಅವರ ನಾಯಕ ಜಾನ್ ವೆಸ್ಲಿ ತಕ್ಷಣ ಅದರ ಬೆಲೆ ತಿಳಿದು, ವಸೂಲಿಯ ಗುಂಪನ್ನು ಪ್ರತಿವಾರ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ ಕೂಟವಾಗಿಸಿದ. ವೆಸ್ಲಿಯನ್ ಮಿಷನ್ 1821ರಲ್ಲಿ ಬೆಂಗಳೂರಿಗೆ ಬಂತು; 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಸೇರಿತು. ಕಟ್ಟಡ, ಶಾಲೆ, ಆಸ್ಪತ್ರೆಗಳನ್ನು ನಾವು ಜೋಪಾನ ಮಾಡಿಕೊಂಡೆವು. ಹನ್ನೆರಡು ಜನರ ಕೂಟವನ್ನು ಬಹಳ ಕಡೆ ಕಳೆದುಕೊಂಡೆವು. ಕಥೋಲಿಕರ ಪಾಪನಿವೇದನೆಯಲ್ಲೂ, ಇಗ್ನೇಷಿಯಸ್ ಲೊಯೊಲಾ ಕಲಿಸಿದ ದಿನದಿನದ ಆತ್ಮಪರೀಕ್ಷೆಯಲ್ಲೂ ಇದೇ ಕಸುವಿದೆ. ಆದರೆ ಅಲ್ಲಿ ಕೇಳುವವರು ಗುರುಗಳು, ಅಥವಾ ತಾನೇ. ವೆಸ್ಲಿಯ ಕೂಟದಲ್ಲಿ ಕೇಳುವವರು ಪಕ್ಕದ ಮನೆಯವರು. ಪಿಜಿಯಲ್ಲಿ ಮಲಗಿ ಕ್ಯಾಬಿನಲ್ಲಿ ಓಡಾಡುವ, ಒಬ್ಬರ ಬಾಗಿಲನ್ನು ಇನ್ನೊಬ್ಬರು ತಟ್ಟದ ಈ ನಗರಕ್ಕೆ ಅದೇ ಹೆಚ್ಚು ಒಗ್ಗುತ್ತದೆ.

ಅಂಥದ್ದೊಂದು ಕೂಟ ಕಾಡುಗೋಡಿಯ ಎರಡು ಕೋಣೆಯ ಮನೆಯಲ್ಲಿ ಗುರುವಾರ ರಾತ್ರಿ ನಡೆಯುತ್ತದೆ. ಪಾಳಿ ಮುಗಿಸಿದವರು ಬಂದು ಸೇರುವಾಗ ಒಂಬತ್ತೂವರೆ. ಗಿಟಾರಿಲ್ಲ, ಮೈಕಿಲ್ಲ, ಕಡಲೆಪುರಿ ಮತ್ತು ಟೀ. ನಾನು ಹೋದ ದಿನ ಎಂಟು ಜನರಿದ್ದರು. ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿರುವ ಹೆಂಗಸಿನ ಸರದಿ ಬಂದಾಗ ಆಕೆ ಲೋಟದ ಅಂಚನ್ನು ಸವರುತ್ತ ಹೇಳಿದರು: “ಅತ್ತೆ ಜೊತೆ ಮಾತಾಡ್ತೀನಿ ಅಂದಿದ್ದೆ. ಈ ವಾರನೂ ಆಗ್ಲಿಲ್ಲ. ಫೋನ್ ತಗೊಂಡೆ, ಇಟ್ಟುಬಿಟ್ಟೆ.” ಯಾರೂ ಸಮಾಧಾನ ಹೇಳಲಿಲ್ಲ, ವಚನ ತೆಗೆದು ಓದಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲ ಬಳಿ ಕೂತಿದ್ದ ಹುಡುಗ, “ಮುಂದಿನ ಗುರುವಾರ ಕೇಳ್ತೀವಿ ಅಕ್ಕ” ಎಂದ. ಆಕೆ ತಲೆಯಾಡಿಸಿದರು. ಸರದಿ ಪಕ್ಕದವರಿಗೆ ಹೋಯಿತು.