ಆ ಸುತ್ತೇ ರಂಗ

1977ರ ಮೇ ತಿಂಗಳಲ್ಲಿ ಬಿಹಾರದ ಬೆಲ್ಚಿ ಎಂಬ ಹಳ್ಳಿಯಲ್ಲಿ 11 ಜನರನ್ನು ಕೊಂದು ಸುಟ್ಟರು. ಅವರಲ್ಲಿ 8 ಮಂದಿ ದಲಿತರು. ಆ ಸುದ್ದಿ ಪತ್ರಿಕೆಯ ಪುಟದಲ್ಲೇ ತಣ್ಣಗಾಗಲು ನಮ್ಮ ‘ಸಮುದಾಯ’ ರಂಗತಂಡ ಬಿಡಲಿಲ್ಲ. ಸಿ.ಜಿ.ಕೆ. ನಿರ್ದೇಶಿಸಿದ ‘ಬೆಲ್ಚಿ’ ನಾಟಕ ಕನ್ನಡನಾಡಿನ ಬೀದಿಗಿಳಿಯಿತು.

ಪರದೆ, ದೀಪ, ಟಿಕೆಟ್ಟು ಯಾವುದೂ ಬೇಡ. ಬೀದಿನಾಟಕದ ಈ ಬಡತನವೇ ನನಗೆ ಬಲು ಇಷ್ಟ. ತಮಟೆ ಬಡಿದರೆ ಜನ ಸುತ್ತುಗಟ್ಟುತ್ತಾರೆ, ಆ ಸುತ್ತೇ ರಂಗ. ಸಭಾಂಗಣದ ಕತ್ತಲಲ್ಲಾದರೆ ಮುಖ ಮರೆಸಿಕೊಳ್ಳಬಹುದು, ಇಲ್ಲಿ ಹಾಡಹಗಲು. ಹೊಡೆಯುವವನ ಪಾತ್ರಧಾರಿ ಮಾರು ದೂರದಲ್ಲೇ ಇರುತ್ತಾನೆ, ಅವನ ಉಸಿರು ಕೇಳಿಸುತ್ತದೆ. ಊರಿನ ಗೌಡರೂ ಕೇರಿಯವರೂ ಒಂದೇ ಸುತ್ತಿನಲ್ಲಿ, ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ನಿಂತು ನೋಡಬೇಕಾಗುತ್ತದೆ.