ಅಪಸ್ವರದಿಂದ ಓದಲು ಶುರುಮಾಡಿ: ‘ಪಾನ್ ತದೇವುಶ್’ ರಸಿಕರಿಗೆ

ಪೋಲೆಂಡಿನ ದೇಶಭ್ರಷ್ಟರ ಮಹಾಕಾವ್ಯ ‘ಪಾನ್ ತದೇವುಶ್’ ಎಂದರೆ ಕಹಳೆ, ಕತ್ತಿ, ಹುತಾತ್ಮರು ಎಂದುಕೊಂಡು ಪುಟ ತೆರೆದವರಿಗೆ ಸಿಗುವುದು ಅಣಬೆ ಆರಿಸುವ ಹೆಂಗಸರು, ಕಾಫಿಯ ಬಣ್ಣನೆ, ಹಾಳುಬಿದ್ದ ಕೋಟೆಗಾಗಿ ಎರಡು ಮನೆತನಗಳ ವ್ಯಾಜ್ಯ. ನಿರಾಶೆ ಬೇಡ. ರಾಜಕೀಯ ಇರುವುದು ಅಲ್ಲೇ.

1795ರ ಹೊತ್ತಿಗೆ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಸೇರಿ ಪೋಲೆಂಡನ್ನು ನುಂಗಿ ಮುಗಿಸಿದ್ದವು. ಇದನ್ನು ಬರೆದ ಕವಿ ಆದಾಮ್ ಮಿತ್ಸ್ಕಿಯೆವಿಚ್ ಹುಟ್ಟಿದ್ದು 1798ರಲ್ಲಿ. ವಿಲ್ನಾದ ವಿದ್ಯಾರ್ಥಿ ಕೂಟದಲ್ಲಿದ್ದ ತಪ್ಪಿಗೆ ಸೆರೆವಾಸ, ಆಮೇಲೆ ರಷ್ಯಾಕ್ಕೆ ಗಡಿಪಾರು. ರಷ್ಯಾದ ವಿರುದ್ಧ ಪೋಲರು ಎದ್ದ 1830ರ ದಂಗೆಯಲ್ಲಿ ಕಾದಲು ಅವನಿಗಾಗಲಿಲ್ಲ. ಸೋತವರು ಪ್ಯಾರಿಸ್ಸಿಗೆ ಓಡಿಬಂದಾಗ ಅವನೂ ಅಲ್ಲಿಗೆ ಬಂದ, ‘ಪೋಲಿಷ್ ಯಾತ್ರಿಕ’ ಪತ್ರಿಕೆ ನಡೆಸಿದ. ಸೋಲಿಗೆ ಯಾರು ಹೊಣೆ ಎಂದು ಶ್ರೀಮಂತ ಮುಖಂಡ ಚಾರ್ತೊರಿಸ್ಕಿಯ ಬಣಕ್ಕೂ ಪ್ರಜಾಪ್ರಭುತ್ವವಾದಿಗಳಿಗೂ ಕಚ್ಚಾಟ ನಡೆದಿದ್ದಾಗಲೇ, 1834ರಲ್ಲಿ, ಹನ್ನೆರಡು ಸರ್ಗಗಳ ಈ ಕಾವ್ಯ ಅಚ್ಚಾಯಿತು. ಕೋಟೆಗಾಗಿ ಹೊಡೆದಾಡುತ್ತಿದ್ದವರು ರಷ್ಯನ್ ಸೈನಿಕರು ಬಂದೊಡನೆ ಒಂದಾಗುವ ಒಂಬತ್ತನೆಯ ಸರ್ಗ ಯಾರಿಗೆ ಹೇಳಿದ ಮಾತೆಂದು ಪ್ಯಾರಿಸ್ಸಿನ ಓದುಗರಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಕತೆ ನಡೆಯುವುದು 1811–12ರಲ್ಲಿ. ನೆಪೋಲಿಯನ್ ರಷ್ಯಾದ ಮೇಲೆ ಏರಿ ಹೊರಟಿದ್ದಾನೆ. ಎಲ್ಲರಿಗೂ ಬಿಡುಗಡೆಯ ಆಸೆ. ಅವನು ಸೋತು ಮರಳಿದ್ದು ಓದುಗರಿಗೆ ಗೊತ್ತು, ಪಾತ್ರಗಳಿಗೆ ಗೊತ್ತಿಲ್ಲ. ಕೊನೆಯ ಔತಣದ ನಗುವನ್ನು ಇದನ್ನು ಮರೆಯದೆ ಓದಬೇಕು.

ಹೊಸಬರು ಆ ಔತಣದಿಂದಲೇ, ಅಂದರೆ ಹನ್ನೆರಡನೆಯ ಸರ್ಗದಿಂದಲೇ ತೊಡಗಬಹುದು. ಯಾಂಕಿಯೆಲ್ ಎಂಬ ಯೆಹೂದಿ, ಹೆಂಡದಂಗಡಿಯವನು, ಸಂತೂರಿನಂಥ ವಾದ್ಯ ನುಡಿಸುತ್ತಾನೆ. 1791ರ ಮೇ 3ರ ಸಂವಿಧಾನದ ಸಂಭ್ರಮ ತಂತಿಗಳಲ್ಲಿ ಏರುತ್ತದೆ. ಥಟ್ಟನೆ ಒಂದು ಅಪಸ್ವರ. ಮುದುಕನ ಕೈ ತಪ್ಪಿತೇ ಎಂದು ಕೇಳುಗರು ಗಲಿಬಿಲಿಗೊಳ್ಳುತ್ತಾರೆ. ಅವನು ಮತ್ತೆ ಮತ್ತೆ ಅದನ್ನೇ ಮೀಟುತ್ತಾನೆ. ಅದು ತಾರ್ಗೊವಿತ್ಸಾ: ಆ ಸಂವಿಧಾನವನ್ನು ಮುರಿಯಲು ರಷ್ಯಾದ ಸೈನ್ಯವನ್ನು ಕರೆತಂದ ಸ್ವದೇಶಿ ಶ್ರೀಮಂತರ ದ್ರೋಹ. ಆಮೇಲೆ ವಾರ್ಸಾದ ಹೊರವಲಯವಾದ ಪ್ರಾಗಾದಲ್ಲಿ ರಷ್ಯಾದ ಸೈನ್ಯ ನಡೆಸಿದ ಕಗ್ಗೊಲೆ, ಕಡೆಗೆ ದೊಂಬ್ರೊವ್ಸ್ಕಿಯ ಮಜೂರ್ಕಾ, ಇಂದಿನ ಪೋಲೆಂಡಿನ ರಾಷ್ಟ್ರಗೀತೆ. ಒಂದೂ ಘೋಷಣೆ ಕೂಗದೆ ಚರಿತ್ರೆಯನ್ನು ಕಿವಿಗೆ ಮುಟ್ಟಿಸಿದ ಇಂಥ ಭಾಗ ಯುರೋಪಿನ ಕಾವ್ಯಗಳಲ್ಲಿ ಅಪರೂಪ.

ಛಂದಸ್ಸನ್ನೂ ಗಮನಿಸಿ. ಸಾಲಿಗೆ ಹದಿಮೂರು ಅಕ್ಷರ, ಏಳರ ನಂತರ ಯತಿ. ಯತಿಯನ್ನು ದಾಟುವುದೇ ಜಾಣ್ಮೆಯೆಂದು ನಂಬಿದ ಹಳಗನ್ನಡದಲ್ಲಿ ಪಳಗಿದ ಕಿವಿಗೆ ಈ ನಿಲುಗಡೆ ಮೊದಮೊದಲು ಬಿಗಿಯೆನಿಸೀತು.

ಕವಿಯ ಸ್ವಂತ ರಾಜಕೀಯ ಅಷ್ಟು ನಯವಾಗಿರಲಿಲ್ಲ: 1848ರಲ್ಲಿ ಇಟಲಿಯಲ್ಲಿ ಪುಟ್ಟದೊಂದು ಸೈನ್ಯ ಕಟ್ಟಿದ, 1855ರಲ್ಲಿ, ಕ್ರಿಮಿಯಾ ಯುದ್ಧದ ನಡುವೆ, ಪೋಲಿಷ್ ಪಡೆಗಳ ಕೆಲಸಕ್ಕೆಂದು ಹೋಗಿ ಇಸ್ತಾಂಬುಲ್‌ನಲ್ಲಿ ತೀರಿಕೊಂಡ.

ನಾಯ್ಸ್ ಅವರ 1917ರ ಇಂಗ್ಲಿಷ್ ಗದ್ಯಾನುವಾದದಲ್ಲಿ ಕತೆ ಸಿಗುತ್ತದೆ, ಲಯ ಸಿಗದು. ಲಯಕ್ಕಾಗಿ ಆಂದ್ಜೆ ವಾಯ್ದಾ ಅವರ 1999ರ ಸಿನಿಮಾ ನೋಡಬಹುದು. ಅದರಲ್ಲಿ ಪಾತ್ರಗಳು ಪದ್ಯದಲ್ಲೇ ಮಾತಾಡುತ್ತವೆ.